ಬಾಡಿಗೆಗೊಂದು ಮನೆ ಹುಡುಕಿಕೊಡುವ ಕೆಲಸ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ಬಾಡಿಗೆ ಮನೆ ಹುಡುಕಿ ನೋಡು ಎಂದು ಅವರು ಸೇರಿಸಲಿಲ್ಲ. ಆ ಕಷ್ಟ ಅವರಿಗೆ ಬಂದಿರಲಿಲ್ಲವೋ ಏನೋ. ನಿಮ್ಮಲ್ಲಿ ಕೆಲವರು ಓದಿಗಾಗಿ ಊರು ಬಿಟ್ಟು ಬೆಂಗಳೂರಿಗೋ ಮೈಸೂರಿಗೋ ಹುಬ್ಬಳ್ಳಿಗೋ ಬಂದವರಿರಬಹುದು. ಗೇಟಿಗೆ ತೂಗುಹಾಕಿದ 'ಬಾಡಿಗೆಗೆ ಇದೆ' ಎಂಬ ಹಲಗೆ ನೋಡಿ ಬಾಗಿಲು ತಟ್ಟಿದಾಗ, ಒಳಗಿನಿಂದ ಬರುವ ಮೊದಲ ಪ್ರಶ್ನೆ ಯಾವುದೆಂದು ಅವರಿಗೆ ಗೊತ್ತು: "ಬ್ಯಾಚುಲರಾ, ಫ್ಯಾಮಿಲಿನಾ?"

ಈ ಪ್ರಶ್ನೆಗೆ ಉತ್ತರವೇ ಇಲ್ಲದ ಜನರೂ ಇದ್ದಾರೆ. ಬಾಲಮಂದಿರದಲ್ಲಿ ಬೆಳೆದು ಹದಿನೆಂಟು ತುಂಬಿದ ಹುಡುಗ. ಮನೆಯಲ್ಲಿ ಹೊಡೆತ ತಾಳಲಾರದೆ ಮಗುವನ್ನು ಎತ್ತಿಕೊಂಡು ಬಂದು, ಮಹಿಳಾ ಆಶ್ರಯಧಾಮದಲ್ಲಿ ಕೆಲವು ತಿಂಗಳು ಕಳೆದ ತಾಯಿ. ಮಾನಸಿಕ ಕಾಯಿಲೆ ಗುಣವಾಗಿ, ವೈದ್ಯರು ಹೋಗಬಹುದು ಎಂದ ಮೇಲೂ ಹೋಗುವುದಕ್ಕೆ ಜಾಗವಿಲ್ಲದೆ ವಾರ್ಡಿನಲ್ಲೇ ಉಳಿದ ಹೆಂಗಸು. ಸಮಾಜಕಾರ್ಯದ ಪಠ್ಯಗಳಲ್ಲಿ ಇವರನ್ನು ಸೇವಾರ್ಥಿಗಳು ಎನ್ನುತ್ತಾರೆ. ಇವರಿಗೆ ಊಟ, ಔಷಧಿ, ತರಬೇತಿ, ಕಾನೂನಿನ ನೆರವು ಕೊಡುವುದಕ್ಕೆ ಸರ್ಕಾರಿ ಇಲಾಖೆಗಳಿವೆ, ಸ್ವಯಂಸೇವಾ ಸಂಸ್ಥೆಗಳಿವೆ. ಎಲ್ಲ ಆದ ಮೇಲೆ ಒಂದು ದಿನ ಇವರು ಸಂಸ್ಥೆಯ ಬಾಗಿಲು ದಾಟಿ ಹೊರಗೆ ಬರಬೇಕಲ್ಲ, ಆ ದಿನ ರಾತ್ರಿ ಮಲಗುವುದು ಎಲ್ಲಿ? ನಾನು ಅನೇಕ ವರ್ಷ ಬೆಂಗಳೂರಿನ ಒಂದು ಸಂಸ್ಥೆಯಲ್ಲಿ ಮಾಡಿದ ಕೆಲಸ ಇದೊಂದೇ, ಇಂಥವರಿಗೆ ಕೈಗೆಟಕುವ ಬಾಡಿಗೆಯ ಮನೆ ಹುಡುಕಿಕೊಡುವುದು. ನನ್ನ ಹುದ್ದೆಯ ಹೆಸರು ಬೇರೆ ಏನೋ ಇತ್ತು. ಬೀದಿಯ ಇಸ್ತ್ರಿ ಅಂಗಡಿಯವರು ಮಾತ್ರ ನನ್ನನ್ನು 'ಮನೆ ಮೇಡಂ' ಎಂದೇ ಕರೆಯುತ್ತಿದ್ದರು.

ಮೊದಲು ಹಣದ ಲೆಕ್ಕ ನೋಡೋಣ. ಬೆಂಗಳೂರಿನಲ್ಲಿ ಬಹಳ ಕಾಲದಿಂದ ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಇದೆ. ಕೆಲವೆಡೆ ಅದು ಐದಾರು ತಿಂಗಳಿಗೆ ಇಳಿದಿದೆ, ಆದರೂ ಸಣ್ಣ ಮನೆಗಳ ಬೀದಿಗಳಲ್ಲಿ ಹತ್ತರ ಮಾತು ಇನ್ನೂ ಸತ್ತಿಲ್ಲ. ಲೆಕ್ಕಕ್ಕೆಂದು ಒಬ್ಬ ಹುಡುಗನನ್ನು ತೆಗೆದುಕೊಳ್ಳಿ. ತಿಂಗಳಿಗೆ 12,000 ರೂಪಾಯಿ ಸಂಬಳ. ದುಡಿಮೆಯ ನೂರಕ್ಕೆ ಮೂವತ್ತು ಭಾಗಕ್ಕಿಂತ ಹೆಚ್ಚು ಬಾಡಿಗೆಗೆ ಹೋಗಬಾರದು ಎಂಬುದು ಅನೇಕ ದೇಶಗಳಲ್ಲಿ ಬಳಕೆಯಲ್ಲಿರುವ ಒಂದು ಅಳತೆ. ಅಂದರೆ ಅವನು ಕೊಡಬಹುದಾದದ್ದು 3,600. ಕೋಣೆಯ ಬಾಡಿಗೆ 4,500 ಎಂದಿಟ್ಟುಕೊಂಡರೆ ಮುಂಗಡ 45,000. ತಿಂಗಳಿಗೆ ಸಾವಿರ ಉಳಿಸಿದರೂ ಆ ಹಣ ಕೂಡುವುದಕ್ಕೆ 45 ತಿಂಗಳು, ಹೆಚ್ಚುಕಡಿಮೆ ನಾಲ್ಕು ವರ್ಷ ಬೇಕು. ತಂದೆಯೋ ಮಾವನೋ ಕೈಗಡ ಕೊಡುವ ಮನೆಯಿಂದ ಬಂದವರಿಗೆ ಇದು ಒಂದು ತೊಂದರೆ ಮಾತ್ರ. ಯಾರೂ ಇಲ್ಲದವನಿಗೆ ಇದು ಗೋಡೆ.

ಹಾಗಾಗಿ ಸಂಸ್ಥೆಗಳು ಮಾಡಬಹುದಾದ ಮೊದಲ ಉಪಕಾರ ಬಾಡಿಗೆ ಕಟ್ಟುವುದಲ್ಲ, ಮುಂಗಡ ಕೊಡುವುದು. ದಾನವಾಗಿ ಬೇಡ, ಸುತ್ತು ನಿಧಿಯಾಗಿ ಕೊಡಬೇಕು. 1,80,000 ರೂಪಾಯಿ ಕೂಡಿಸಿದರೆ ಮೇಲಿನ ಲೆಕ್ಕದ ನಾಲ್ಕು ಕೋಣೆಗಳಿಗೆ ಮುಂಗಡವಾಯಿತು. ಒಂದೊಂದು ಕೋಣೆಯಲ್ಲಿ ಇಬ್ಬರಿದ್ದರೆ ಎಂಟು ಜನ. ಬಾಡಿಗೆ ತಲಾ 2,250, ನಿಧಿಗೆ ಹಿಂತಿರುಗಿಸುವುದು ತಲಾ 500. ಒಟ್ಟು 2,750, ಮೂವತ್ತರ ಅಳತೆಯೊಳಗೇ ಇದೆ. ಎಂಟು ಜನರಿಂದ ತಿಂಗಳಿಗೆ 4,000 ಬಂದರೆ ವರ್ಷ ತುಂಬುವಷ್ಟರಲ್ಲಿ 48,000. ಐದನೆಯ ಕೋಣೆ ತೆಗೆಯಬಹುದು. ತೀರಿಸಿ ಮುಗಿಸಿದವರಿಗೆ ಆ ಮುಂಗಡ ಅವರದೇ ಸೊತ್ತು. ಮುಂದೆ ಮನೆ ಬದಲಾಯಿಸಿದರೆ ಜೊತೆಗೆ ಒಯ್ಯುತ್ತಾರೆ. ಕಾಗದದ ಮೇಲೆ ಇದು ಇಷ್ಟು ಸಲೀಸು. ನಿಜದಲ್ಲಿ ಇಬ್ಬರಲ್ಲಿ ಒಬ್ಬ ಕೆಲಸ ಕಳೆದುಕೊಳ್ಳುತ್ತಾನೆ, ಇನ್ನೊಬ್ಬನಿಗೆ ಜ್ವರ ಬರುತ್ತದೆ. ಆದ್ದರಿಂದ ಒಂದೆರಡು ತಿಂಗಳ ಬಾಡಿಗೆಯಷ್ಟು ಹಣವನ್ನು ಪ್ರತ್ಯೇಕವಾಗಿ ಇಟ್ಟುಕೊಳ್ಳದೆ ಈ ಕೆಲಸಕ್ಕೆ ಇಳಿಯಬಾರದು.

ಸರ್ಕಾರದ ನೆರವು ಇಲ್ಲವೆಂದಲ್ಲ. 2015ರ ಬಾಲನ್ಯಾಯ ಕಾಯಿದೆಯಲ್ಲಿ ಬಾಲಮಂದಿರ ಬಿಡುವವರಿಗೆ ಅನುಪಾಲನೆಯ ಅವಕಾಶವಿದೆ, ಇಪ್ಪತ್ತೊಂದರ ತನಕ. ಉದ್ಯೋಗಸ್ಥ ಮಹಿಳೆಯರ ವಸತಿನಿಲಯಗಳ ಕೇಂದ್ರ ಯೋಜನೆ 1972-73ರಷ್ಟು ಹಳೆಯದು. ವಲಸೆ ಬಂದ ದುಡಿಮೆಗಾರರಿಗೆ, ನಗರದ ಬಡವರಿಗೆ ಕಡಿಮೆ ಬಾಡಿಗೆಯ ವಸತಿ ಸಮುಚ್ಚಯಗಳನ್ನು ಒದಗಿಸುವ ಯೋಜನೆಯನ್ನು 2020ರಲ್ಲಿ, ಕೋವಿಡ್ ವರ್ಷದಲ್ಲಿ, ಕೇಂದ್ರ ಸರ್ಕಾರ ತಂದಿತು. ಸ್ವಂತ ಮನೆ ಕಟ್ಟಿಸಿಕೊಡುವ ಯೋಜನೆಗಳಿಗೆ ಸಿಕ್ಕ ಗಮನ ಬಾಡಿಗೆ ಮನೆಗೆ ಸಿಕ್ಕಿಲ್ಲ ಎಂಬುದು ಮಾತ್ರ ನನ್ನ ದೂರು. 2011ರ ಜನಗಣತಿಯ ಪ್ರಕಾರ ನಮ್ಮ ನಗರಗಳಲ್ಲಿ ನೂರಕ್ಕೆ 27 ಸಂಸಾರಗಳಿಗಿಂತ ಹೆಚ್ಚು ಬಾಡಿಗೆ ಮನೆಯಲ್ಲಿದ್ದವು. ಅದೇ ಗಣತಿಯಲ್ಲಿ ನಗರ ಪ್ರದೇಶದಲ್ಲಿ ಬೀಗ ಹಾಕಿ ಖಾಲಿ ಬಿದ್ದಿದ್ದ ಮನೆಗಳು ಒಂದು ಕೋಟಿಗೂ ಮೀರಿದ್ದವು. ಮನೆಯಿಲ್ಲದ ಜನ ಒಂದು ಕಡೆ, ಜನವಿಲ್ಲದ ಮನೆ ಇನ್ನೊಂದು ಕಡೆ.

ಖಾಲಿ ಇಟ್ಟುಕೊಂಡವರೆಲ್ಲ ದುರಾಸೆಯವರು ಎಂದು ತೀರ್ಮಾನಿಸಬೇಡಿ. ನಾನೂ ಮೊದಮೊದಲು ಹಾಗೆಂದುಕೊಂಡಿದ್ದೆ. ಅವರ ಜಗುಲಿಯ ಮೇಲೆ ಕುಳಿತು ಮಾತಾಡಿಸಿದ ಮೇಲೆ ತಿಳಿದದ್ದು, ಅವರಿಗಿರುವುದು ಭಯ. ಬಾಡಿಗೆ ಸರಿಯಾಗಿ ಬರುತ್ತದೆಯೋ ಇಲ್ಲವೋ, ಬಿಡಿ ಎಂದಾಗ ಬಿಡುತ್ತಾರೋ ಇಲ್ಲವೋ, ರಾತ್ರಿ ಹೊತ್ತು ಏನಾದರೂ ಆದರೆ ಯಾರನ್ನು ಕರೆಯುವುದು, ಅಕ್ಕಪಕ್ಕದವರು ಏನೆನ್ನುತ್ತಾರೆ. ಪಿಂಚಣಿಯ ಜೊತೆಗೆ ಮೇಲಿನ ಕೋಣೆಯ ಬಾಡಿಗೆಯನ್ನೇ ನಂಬಿಕೊಂಡ ವೃದ್ಧ ದಂಪತಿಗಳಿಗೆ ಎರಡು ತಿಂಗಳು ಬಾಡಿಗೆ ನಿಂತರೆ ಔಷಧಿ ನಿಲ್ಲುತ್ತದೆ. ಈ ನಾಲ್ಕು ಭಯಗಳಲ್ಲಿ ಮೊದಲ ಮೂರಕ್ಕೆ ಸಂಸ್ಥೆ ಉತ್ತರ ಕೊಡಬಲ್ಲದು: ತಿಂಗಳ ಐದನೆಯ ತಾರೀಖಿನೊಳಗೆ ಬಾಡಿಗೆ ಬಾರದಿದ್ದರೆ ನಾವು ಕೊಡುತ್ತೇವೆ, ಕರಾರು ಮುಗಿದಾಗ ಬಿಡಿಸಿಕೊಡುತ್ತೇವೆ, ಇದು ನಮ್ಮ ಫೋನ್ ನಂಬರು, ರಾತ್ರಿ ಹನ್ನೆರಡಕ್ಕೂ ಎತ್ತುತ್ತೇವೆ. ಎತ್ತಲೂ ಬೇಕು. ಒಂದು ಸಲ ಎತ್ತದಿದ್ದರೆ ಆ ಬೀದಿಯ ಬಾಗಿಲುಗಳೆಲ್ಲ ಮುಚ್ಚಿಹೋಗುತ್ತವೆ.

ಬೆಲ್ಜಿಯಂ ದೇಶದಲ್ಲಿ ಇದನ್ನೇ ಒಂದು ವ್ಯವಸ್ಥೆಯಾಗಿ ಕಟ್ಟಿದ್ದಾರೆ. ಅಲ್ಲಿನ ಸಾಮಾಜಿಕ ಬಾಡಿಗೆ ಸಂಸ್ಥೆಗಳು ಖಾಸಗಿ ಮಾಲೀಕರಿಂದ ಮನೆಗಳನ್ನು ಪೇಟೆಯ ದರಕ್ಕಿಂತ ಕಡಿಮೆಗೆ ಪಡೆಯುತ್ತವೆ. ಪ್ರತಿಯಾಗಿ ಬಾಡಿಗೆ ತಪ್ಪದೆ ಬರುವ ಖಾತರಿಯನ್ನೂ ಮನೆಯ ನಿಗಾವನ್ನೂ ತಾವು ವಹಿಸಿಕೊಂಡು, ಆದಾಯ ಕಡಿಮೆ ಇರುವವರನ್ನು ಅಲ್ಲಿ ಇರಿಸುತ್ತವೆ. ಫಿನ್ಲೆಂಡಿನಲ್ಲಿ 1985ರಲ್ಲಿ ಹುಟ್ಟಿದ ವೈ ಫೌಂಡೇಶನ್ ಎಂಬ ಸಂಸ್ಥೆ ಸಾಮಾನ್ಯ ಕಟ್ಟಡಗಳಲ್ಲಿಯೇ ಅಲ್ಲೊಂದು ಇಲ್ಲೊಂದು ಮನೆ ಕೊಂಡು, ನೆಲೆಯಿಲ್ಲದವರಿಗೆ ಬಾಡಿಗೆಗೆ ಕೊಡುತ್ತಾ ಬಂದಿದೆ. ದೂರದ ಮಾತು ಬೇಡವೆಂದರೆ ಚೆನ್ನೈಗೆ ಬನ್ನಿ. 1993ರಲ್ಲಿ ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು, ಬೀದಿಯಲ್ಲಿ ಅಲೆಯುತ್ತಿದ್ದ ಮಾನಸಿಕ ಅಸ್ವಸ್ಥ ಹೆಂಗಸರಿಗಾಗಿ 'ದಿ ಬ್ಯಾನಿಯನ್' ಎಂಬ ಸಂಸ್ಥೆ ಆರಂಭಿಸಿದರು. ಗುಣವಾದ ಅನೇಕರು ತಮ್ಮ ಊರಿಗೆ ಮರಳಿದರು, ಮರಳಲಾರದವರೂ ಉಳಿದರು. ಅವರಿಗಾಗಿ 2015ರಲ್ಲಿ 'ಹೋಮ್ ಎಗೇನ್' ಎಂಬ ಕಾರ್ಯಕ್ರಮ ಬಂತು. ನಾಲ್ಕೈದು ಜನ ಸೇರಿ ಸಾಧಾರಣ ಬೀದಿಯೊಂದರಲ್ಲಿ ಬಾಡಿಗೆ ಮನೆಯಲ್ಲಿ ಸಂಸಾರದಂತೆ ಇರುವುದು, ಬೇಕಾದಷ್ಟೇ ನೆರವಿಗೆ ಒಬ್ಬ ಸಹಾಯಕಿ. ಮುಂದೆ ಇದು ಬೇರೆ ರಾಜ್ಯಗಳಿಗೂ ಹಬ್ಬಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 19ನೆಯ ಪ್ರಕರಣ ಹೇಳುವುದೂ ಇದನ್ನೇ: ಮನೆಯವರಿಲ್ಲ, ಮನೆಯವರು ಒಪ್ಪುವುದಿಲ್ಲ, ಇರಲು ಸ್ಥಳವಿಲ್ಲ ಎಂಬ ಕಾರಣಕ್ಕಾಗಿ ಯಾರನ್ನೂ ಆಸ್ಪತ್ರೆಯಲ್ಲಿ ಉಳಿಸಿಕೊಳ್ಳುವಂತಿಲ್ಲ. ಕಾಯಿದೆ ಬಾಗಿಲು ತೆರೆಯಿತು. ತೆರೆದ ಬಾಗಿಲಿನ ಆಚೆ ಮನೆ ಇರಬೇಕಲ್ಲ?

ಇನ್ನು ನಾಲ್ಕನೆಯ ಭಯ, ಅಕ್ಕಪಕ್ಕದವರ ಮಾತು. ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಿಕೊಳ್ಳಬೇಕು.

ಆಸ್ಪತ್ರೆಯಿಂದ ಬಂದ ನಡುವಯಸ್ಸಿನ ಒಬ್ಬ ಹೆಂಗಸಿಗೆ ಒಂದು ವಠಾರದಲ್ಲಿ ಕೋಣೆ ನೋಡಿದೆವು. ಆಕೆ ಉಡುಪುಗಳಿಗೆ ಗುಂಡಿ ಹಾಕುವ ಕೆಲಸ ಮಾಡುತ್ತಿದ್ದಳು, ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ಮನೆಯ ಯಜಮಾನಿ ಅರವತ್ತು ದಾಟಿದವರು. "ಇವಳಿಗೆ ಯಾರೂ ಇಲ್ವಾ?" ಎಂದು ಕೇಳಿದರು. ನಾನು ದೂರದ ಸಂಬಂಧಿ ಎಂದು ಹೇಳಿ ಕರಾರಿಗೆ ಸಹಿ ಹಾಕಿಸಿದೆ. ಆಸ್ಪತ್ರೆಯ ಮಾತು ಎತ್ತಲಿಲ್ಲ. ಎತ್ತಿದರೆ ಕೋಣೆ ತಪ್ಪುತ್ತದೆಂಬ ಅಂಜಿಕೆ. ಎರಡು ತಿಂಗಳು ಎಲ್ಲ ಸರಿಯಾಗಿತ್ತು. ಒಂದು ಮಧ್ಯಾಹ್ನ ನೀರು ಹಿಡಿಯುವಾಗ ಯಾರೋ ಆಕೆಯ ಮಾತ್ರೆಗಳನ್ನು ನೋಡಿದರು, ಸಂಜೆಯೊಳಗೆ ವಠಾರಕ್ಕೆಲ್ಲ ಸುದ್ದಿ. ಯಜಮಾನಿ ನನ್ನನ್ನು ಕರೆಸಿ, ಏರುದನಿಯಿಲ್ಲದೆ ಹೇಳಿದರು: "ಅವಳ ಮೇಲೆ ನನಗೆ ಸಿಟ್ಟಿಲ್ಲಮ್ಮ. ನೀವು ನನ್ನ ಹತ್ರ ಸುಳ್ಳು ಹೇಳಿದ್ರಿ. ನಾಳೆ ಅವಳಿಗೆ ಏನಾದ್ರೂ ಆದ್ರೆ ನಾನು ಏನು ಮಾಡ್ಬೇಕು ಅಂತ ನನಗೆ ಗೊತ್ತಿರಲಿಲ್ವಲ್ಲ?" ತಿಂಗಳ ಕೊನೆಗೆ ಕೋಣೆ ಬಿಡಬೇಕಾಯಿತು. ಆಕೆ ಮತ್ತೆ ಆಶ್ರಯಧಾಮಕ್ಕೆ ಹೋದಳು, ಅವಳ ಕೆಲಸವೂ ಹೋಯಿತು.

ಅದರಿಂದ ಬುದ್ಧಿ ಕಲಿತೆ ಎಂದುಕೊಂಡು ಮುಂದಿನ ಸಲ ಎಲ್ಲವನ್ನೂ ಹೇಳಿದೆ. ಅದು ಇನ್ನೊಂದು ತಪ್ಪು. ಗಂಡನ ಮನೆ ಬಿಟ್ಟು ಬಂದ ಒಬ್ಬ ತಾಯಿಯ ಕಥೆಯನ್ನು ಮಾಲೀಕರಿಗೆ ಪೂರ್ತಿ ವಿವರಿಸಿದೆ, ಅವರ ಮನ ಕರಗಲಿ ಎಂದು. ಕರಗಿತು, ಕೋಣೆಯೂ ಸಿಕ್ಕಿತು. ಆದರೆ ಆ ಕಥೆ ಅವಳ ಮಗ ಶಾಲೆಗೆ ಸೇರುವ ಮೊದಲೇ ಬೀದಿಯಲ್ಲಿ ಅವನಿಗಾಗಿ ಕಾದಿತ್ತು. ಅವಳು ನನ್ನನ್ನು ಕೇಳಿದ್ದು ಇಷ್ಟೇ: "ಮೇಡಂ, ನನ್ನ ವಿಷಯ ಹೇಳೋಕೆ ಮುಂಚೆ ನನ್ನ ಒಂದು ಮಾತು ಕೇಳಬಹುದಿತ್ತಲ್ವಾ?"

ಇವೆರಡರ ನಡುವೆ ನಾವು ಕೊನೆಗೆ ಕಂಡುಕೊಂಡ ದಾರಿ ಹೀಗೆ. ಮೊದಲು ಸೇವಾರ್ಥಿಯನ್ನು ಕೂರಿಸಿಕೊಂಡು ಕೇಳುವುದು: ಮಾಲೀಕರಿಗೆ ಏನು ಹೇಳೋಣ, ಏನು ಬೇಡ? ಅವರು ಒಪ್ಪಿದ್ದನ್ನು ಮಾತ್ರ ಹೇಳುವುದು. ಮಾಲೀಕರಿಗೆ ನ್ಯಾಯವಾಗಿ ತಿಳಿಯಬೇಕಾದದ್ದು ಎಷ್ಟು ಜನ ಇರುತ್ತಾರೆ, ಏನು ಕೆಲಸ, ಯಾವ ಸಂಸ್ಥೆಯ ಜವಾಬ್ದಾರಿ, ತೊಂದರೆಯಾದರೆ ಯಾರು ಬರುತ್ತಾರೆ ಎಂಬುದು. ಕೇಳಿದ ಪ್ರಶ್ನೆಗೆ ಸುಳ್ಳು ಹೇಳುವಂತಿಲ್ಲ. "ಅದು ಅವರ ಸ್ವಂತ ವಿಷಯ, ಬೇಕಿದ್ದರೆ ಅವರೇ ಹೇಳುತ್ತಾರೆ" ಎನ್ನಬಹುದು. ಇದರಿಂದ ಕೆಲವು ಮನೆಗಳು ತಪ್ಪಿದವು, ನಿಜ. ಸಿಕ್ಕವು ಉಳಿದವು. ಜಾತಿ ಯಾವುದು, ಮಾಂಸ ತಿನ್ನುತ್ತಾರಾ ಎಂಬ ಪ್ರಶ್ನೆಗಳಿಗೆ ಮಾತ್ರ ನನ್ನಲ್ಲಿ ಇಂದಿಗೂ ಜಾಣ ಉತ್ತರವಿಲ್ಲ. ಕಾಫಿ ಕುಡಿದು ಎದ್ದು ಬಂದ ಮನೆಗಳು ಬಹಳ.

ಕರಾರು ಯಾರ ಹೆಸರಿನಲ್ಲಿರಬೇಕೆಂಬುದು ಸಣ್ಣ ಸಂಗತಿ ಎನಿಸಬಹುದು, ಅಲ್ಲ. ಸಂಸ್ಥೆಯ ಹೆಸರಿನಲ್ಲಿದ್ದರೆ ಮಾಲೀಕರಿಗೆ ಧೈರ್ಯ. ಆದರೆ ಸೇವಾರ್ಥಿಯ ಕೈಯಲ್ಲಿ ವಿಳಾಸದ ಪುರಾವೆ ಇರುವುದಿಲ್ಲ. ಆಧಾರ್ ವಿಳಾಸ ಬದಲಾಯಿಸಬೇಕೆ, ಬ್ಯಾಂಕ್ ಖಾತೆ ತೆರೆಯಬೇಕೆ, ಎಲ್ಲಕ್ಕೂ ಆ ಕಾಗದ ಬೇಕು. 2023ರಲ್ಲಿ ರಾಜ್ಯ ಸರ್ಕಾರ ತಂದ ಗೃಹಜ್ಯೋತಿ ಯೋಜನೆ ಬಾಡಿಗೆದಾರರಿಗೂ ಅನ್ವಯಿಸುತ್ತದೆ, ಆದರೆ ಮೀಟರಿನ ಸಂಖ್ಯೆಗೆ ತಮ್ಮ ಆಧಾರ್ ಜೋಡಿಸಿಕೊಳ್ಳಬೇಕು. ಒಂದೇ ಮೀಟರಿನಲ್ಲಿ ನಾಲ್ಕು ಕೋಣೆಗಳಿದ್ದರೆ ಅದಕ್ಕೂ ತಕರಾರು. ಆದ್ದರಿಂದ ನಾವು ಮೊದಲ ಹನ್ನೊಂದು ತಿಂಗಳ ಕರಾರನ್ನು ಸಂಸ್ಥೆಯೂ ಸೇವಾರ್ಥಿಯೂ ಸೇರಿ ಮಾಡಿಕೊಂಡು, ಎರಡನೆಯದನ್ನು ಸೇವಾರ್ಥಿಯ ಹೆಸರಿಗೇ ಬಿಡುತ್ತಿದ್ದೆವು. ಹನ್ನೊಂದೇ ಏಕೆ ಎಂದು ನೀವು ಕೇಳಬಹುದು. 1908ರ ನೋಂದಣಿ ಕಾಯಿದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗೇಣಿ ಕರಾರನ್ನು ನೋಂದಾಯಿಸಲೇಬೇಕು. ಆ ಖರ್ಚು ತಪ್ಪಿಸಿಕೊಳ್ಳಲು ಜನ ಕಂಡುಕೊಂಡ ಉಪಾಯ ಇದು. ಬಾಡಿಗೆದಾರರ ರಕ್ಷಣೆಗೆ 1999ರ ಕರ್ನಾಟಕ ಬಾಡಿಗೆ ಕಾಯಿದೆ ಇದೆಯಲ್ಲ ಎನ್ನುವವರಿದ್ದಾರೆ. ದೊಡ್ಡ ನಗರಗಳಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ಮೀರಿದ ಮನೆಗಳನ್ನು ಅದು ಹೊರಗಿಟ್ಟಿತು. ಈಗ ಆ ದರಕ್ಕೆ ಬೆಂಗಳೂರಿನಲ್ಲಿ ಮನೆ ತೋರಿಸಿದರೆ ನಾನು ನಿಮಗೆ ಬಹುಮಾನ ಕೊಡುತ್ತೇನೆ. 2021ರಲ್ಲಿ ಕೇಂದ್ರ ಸಂಪುಟ ಒಪ್ಪಿದ ಮಾದರಿ ಬಾಡಿಗೆ ಕಾಯಿದೆ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಮುಂಗಡ ಬೇಡವೆನ್ನುತ್ತದೆ. ಅದನ್ನು ಜಾರಿಗೆ ತರುವುದು ರಾಜ್ಯಗಳ ವಿವೇಚನೆಗೆ ಬಿಟ್ಟದ್ದು.

ಮನೆ ಹುಡುಕುವುದು ಎಲ್ಲಿ? ದಲ್ಲಾಳಿಯ ಹತ್ತಿರ ಹೋದರೆ ಒಂದು ತಿಂಗಳ ಬಾಡಿಗೆ ಅವನಿಗೆ. ನಾವು ಕಾಲ್ನಡಿಗೆಯನ್ನೇ ನಂಬಿದವರು. ಯಾರ ಮನೆ ಖಾಲಿಯಾಗುತ್ತದೆಂಬುದು ಹಲಗೆ ತೂಗುವ ಮೊದಲೇ ಹಾಲಿನ ಬೂತಿನವರಿಗೆ, ಇಸ್ತ್ರಿಯವರಿಗೆ, ದಿನಸಿ ಅಂಗಡಿಯವರಿಗೆ ಗೊತ್ತಿರುತ್ತದೆ. ಕಾಲವನ್ನೂ ನೋಡಬೇಕು. ಏಪ್ರಿಲ್-ಮೇ ತಿಂಗಳಲ್ಲಿ ಮಕ್ಕಳ ಶಾಲೆಗೆಂದು ಸಂಸಾರಗಳು ಮನೆ ಬದಲಾಯಿಸುತ್ತವೆ. ಮನೆಯೂ ಹೆಚ್ಚು, ಪೈಪೋಟಿಯೂ ಹೆಚ್ಚು. ಆಷಾಢದಲ್ಲಿ ಹೊಸ ಮನೆಗೆ ಹೋಗಿ ಹಾಲು ಉಕ್ಕಿಸುವವರು ಕಡಿಮೆ. ಆಗ ಖಾಲಿ ಉಳಿದ ಮನೆಯ ಮಾಲೀಕರು ಐನೂರು ರೂಪಾಯಿ ಇಳಿಸಲು ಸಿದ್ಧರಿರುತ್ತಾರೆ. ಆ ಗುಂಡಿ ಹಾಕುವ ಹೆಂಗಸಿಗೆ ಮತ್ತೆ ಕೋಣೆ ಸಿಕ್ಕಿದ್ದು ಒಂದು ಆಷಾಢದಲ್ಲೇ. ಈ ಸಲ ಮಾತಾಡಿದ್ದು ನಾನಲ್ಲ, ಅವಳೇ. "ನಾನು ಮಾತ್ರೆ ತಗೋತೀನಮ್ಮ, ತಿಂಗಳಿಗೊಂದು ಸಲ ಆಸ್ಪತ್ರೆಗೆ ಹೋಗ್ತೀನಿ" ಎಂದಳು. ಮನೆಯಾಕೆ, "ನಾನೂ ಸಕ್ಕರೆ ಕಾಯಿಲೆಗೆ ಮೂರು ಮಾತ್ರೆ ನುಂಗ್ತೀನಿ ತಗೋ" ಎಂದು ಬೀಗದ ಕೈ ಕೊಟ್ಟರು.

ದೂರದ ಲೆಕ್ಕವನ್ನೂ ಮರೆಯಬಾರದು. ಊರ ಅಂಚಿಗೆ ಹೋದಷ್ಟೂ ಬಾಡಿಗೆ ಇಳಿಯುತ್ತದೆ, ಬಸ್ಸಿನ ಖರ್ಚು ಏರುತ್ತದೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸು ಉಚಿತವಾಯಿತು. ಮೊದಲು ದೂರವೆಂದು ಬಿಟ್ಟಿದ್ದ ಬಡಾವಣೆಗಳನ್ನು ಹೆಂಗಸರಿಗಾಗಿ ಮತ್ತೆ ನೋಡಬಹುದಾಯಿತು. ಹುಡುಗರಿಗೆ ಆ ಅನುಕೂಲವಿಲ್ಲ. ಅವರಿಗೆ ಕೆಲಸದ ಜಾಗದಿಂದ ನಡೆದು ಹೋಗುವಷ್ಟು ಹತ್ತಿರವೇ ಆಗಬೇಕು. ಕೊನೆಯ ಬಸ್ಸು ಎಷ್ಟು ಗಂಟೆಗೆ, ನಿಲ್ದಾಣದಿಂದ ಮನೆಯವರೆಗೆ ಬೀದಿದೀಪ ಇದೆಯೇ ಎಂದು ಒಮ್ಮೆ ಕತ್ತಲಾದ ಮೇಲೆ ಹೋಗಿ ನೋಡಬೇಕು. ಹಗಲು ಹೊತ್ತಿನಲ್ಲಿ ಎಲ್ಲ ಬೀದಿಗಳೂ ಒಳ್ಳೆಯವೇ.

ನಿಮ್ಮಿಂದ ಆಗುವ ಕೆಲಸ ಇಲ್ಲಿದೆ. ನಿಮ್ಮ ಕಾಲೇಜಿನಲ್ಲಿ ರಾಷ್ಟ್ರೀಯ ಸೇವಾ ಯೋಜನೆಯ ಘಟಕವಿದ್ದರೆ, ನಿಮ್ಮ ಬಡಾವಣೆಯ ನಾಲ್ಕೈದು ಬೀದಿಗಳಿಗೆ ಒಂದು ವಹಿ ಇಡಿ. ವಾರಕ್ಕೊಮ್ಮೆ ಇಬ್ಬರು ಸುತ್ತಿದರೆ ಸಾಕು. ಖಾಲಿ ಮನೆ ಕಂಡರೆ ಬಾಡಿಗೆ ಎಷ್ಟು, ಮುಂಗಡ ಎಷ್ಟು, ನೀರು ಯಾವ ಹೊತ್ತಿಗೆ ಬರುತ್ತದೆ, ಶೌಚಾಲಯ ಒಳಗೋ ಹೊರಗೋ, ಎಷ್ಟು ಮನೆಗೆ ಒಂದು, ಮೀಟರು ಪ್ರತ್ಯೇಕವೋ, ಮಾಲೀಕರು ಅಲ್ಲಿಯೇ ಇದ್ದಾರೋ, ಎಂಬಿಷ್ಟನ್ನು ಬರೆದುಕೊಳ್ಳಿ. ಬಾಗಿಲು ತಟ್ಟಿದಾಗ ನೀವು ಯಾರು, ಏಕೆ ಕೇಳುತ್ತಿದ್ದೀರಿ ಎಂದು ನೇರವಾಗಿ ಹೇಳಿ. ಯಾರ ಪರವಾಗಿಯೂ ಮಾತು ಕೊಡಬೇಡಿ, ಹಣ ಮುಟ್ಟಬೇಡಿ, ಯಾರಿಗೆ ಮನೆ ಎಂದು ಸಂಸ್ಥೆಯವರನ್ನು ಕೆದಕಲೂ ಬೇಡಿ. ವಹಿಯನ್ನು ನಿಮ್ಮ ಅಧ್ಯಾಪಕರ ಮೂಲಕ ಹತ್ತಿರದ ಮಹಿಳಾ ಆಶ್ರಯಧಾಮಕ್ಕೋ, ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೋ, ಆಸ್ಪತ್ರೆಯ ಸಮಾಜಕಾರ್ಯ ವಿಭಾಗಕ್ಕೋ ತಲುಪಿಸಿ. ಸಾಮಾನ್ಯವಾಗಿ ಅಲ್ಲಿರುವ ಒಬ್ಬಿಬ್ಬರು ಕಾರ್ಯಕರ್ತರಿಗೆ ಹತ್ತಾರು ಕಡತಗಳಿರುತ್ತವೆ. ಬೀದಿ ಸುತ್ತಲು ಅವರಿಗೆ ಹೊತ್ತಿರುವುದಿಲ್ಲ.

ಒಂದು ಎಚ್ಚರಿಕೆ. ಒಳ್ಳೆಯ ಕೋಣೆ ಎರಡೇ ದಿನದಲ್ಲಿ ಹೋಗಿಬಿಡುತ್ತದೆ. ಹಳೆಯ ವಹಿಯನ್ನು ನಂಬಿ, ಮಗುವನ್ನು ಎತ್ತಿಕೊಂಡು ಎರಡು ಬಸ್ಸು ಬದಲಾಯಿಸಿ ಬಂದವರಿಗೆ "ನಿನ್ನೆ ತಾನೇ ಕೊಟ್ಟುಬಿಟ್ವಿ" ಎಂಬ ಮಾತು ಕೇಳಿಸಬಾರದು. ಆದ್ದರಿಂದ ಪ್ರತಿ ಮನೆಯ ಮುಂದೆ ನೋಡಿದ ತಾರೀಖು ಬರೆಯಿರಿ, ಹೋದ ಮನೆಯನ್ನು ಕೂಡಲೇ ಹೊಡೆದುಹಾಕಿ. ಪರೀಕ್ಷೆಯ ತಿಂಗಳುಗಳಲ್ಲಿ ವಹಿ ನಿಂತುಹೋಗುತ್ತದೆಂಬುದು ನನ್ನ ಅನುಭವ. ಮೊದಲ ವರ್ಷದವರ ಪರೀಕ್ಷೆಯೂ ಕೊನೆಯ ವರ್ಷದವರದೂ ಬೇರೆ ಬೇರೆ ದಿನಗಳಲ್ಲಿದ್ದರೆ, ಆ ದಿನಗಳಿಗೆ ಯಾರು ಯಾರ ಬದಲು ಸುತ್ತಬೇಕೆಂಬುದನ್ನು ಈಗಲೇ ಬರೆದಿಟ್ಟುಕೊಳ್ಳಿ.